ಊರಿನ ಸ್ವಾತಂತ್ರ್ಯೋತ್ಸವ: ಓದುಗರ ಪ್ರಶ್ನೆಗಳಿಗೆ ಉತ್ತರ

ಆಗಸ್ಟ್ 15ರ ಕಾರ್ಯಕ್ರಮಗಳ ಬಗ್ಗೆ ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಶಾಲೆ, ಯುವಕ ಮಂಡಳ, ಮಹಿಳಾ ಸಂಘಗಳಿಂದ ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಆಯ್ದುಕೊಂಡಿದ್ದೇವೆ. ಒಂದೇ ಪ್ರಶ್ನೆಯನ್ನು ಹಲವರು ಕೇಳಿದ ಕಡೆ ಒಬ್ಬರ ಪತ್ರ ಮಾತ್ರ ಇದೆ.

ಪ್ರಶ್ನೆ: ನಮ್ಮದು ಹಳ್ಳಿಯ ಪ್ರೌಢಶಾಲೆ. ಪ್ರತಿ ವರ್ಷ ಅದೇ ಭಾಷಣ, ಅದೇ ಛದ್ಮವೇಷ. ಈ ಸಲ ‘1947ರ ಆಗಸ್ಟ್ 15ರಂದು ನಮ್ಮೂರು’ ಎಂದು ಮಕ್ಕಳಿಂದಲೇ ಏನಾದರೂ ಮಾಡಿಸಬೇಕೆಂದಿದ್ದೇನೆ. ಆದರೆ ಅವತ್ತು ಊರಲ್ಲಿ ಏನಾಯಿತೆಂದು ಹೇಳುವ ಪುಸ್ತಕ ಸಿಗುತ್ತಿಲ್ಲ. ಎಲ್ಲಿಂದ ಶುರು ಮಾಡಲಿ?
— ಇತಿಹಾಸ ಶಿಕ್ಷಕಿ, ಕುಂದಗೋಳ ತಾಲ್ಲೂಕು

ಉತ್ತರ: ಅವತ್ತು ಊರು ಯಾರ ಆಡಳಿತದಲ್ಲಿತ್ತು ಎಂಬುದರಿಂದ ಶುರು ಮಾಡಿ. ನಿಮ್ಮ ಭಾಗದಲ್ಲಿ ಈ ಪ್ರಶ್ನೆಗೆ ಊರಿಂದ ಊರಿಗೆ ಬೇರೆ ಉತ್ತರ ಸಿಗುತ್ತದೆ. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿದ್ದವು. ಕುಂದಗೋಳ ಜಮಖಂಡಿ ಸಂಸ್ಥಾನದ್ದು, ಶಿರಹಟ್ಟಿ ಸಾಂಗಲಿಯದು, ಲಕ್ಷ್ಮೇಶ್ವರ ಮಿರಜದ್ದು. ಸವಣೂರಿಗೆ ಅದರದೇ ನವಾಬ. ಈ ಸಂಸ್ಥಾನಗಳ ಆಡಳಿತ ಮುಂಬೈ ಪ್ರಾಂತ್ಯದಲ್ಲಿ ವಿಲೀನವಾದದ್ದು 1948ರ ಮಾರ್ಚ್ 8ರಂದು. ಪೂರ್ವಕ್ಕೆ ಮುಂಡರಗಿ ದಾಟಿದರೆ ಕೊಪ್ಪಳ, ಯಲಬುರ್ಗಾ ಕಡೆ ನಿಜಾಮನ ಆಳ್ವಿಕೆ. ಅದು ಕೊನೆಯಾದದ್ದು 1948ರ ಸೆಪ್ಟೆಂಬರ್ 17ಕ್ಕೆ. ಅಲ್ಲಿಯವರೆಗೆ ಮುಂಡರಗಿ, ಗಜೇಂದ್ರಗಡಗಳಲ್ಲಿ ಹೈದರಾಬಾದ್ ವಿಮೋಚನೆಯ ಹೋರಾಟಗಾರರ ಶಿಬಿರಗಳಿದ್ದವು. ಅಂದರೆ ಒಂದು ದಿನದ ಎತ್ತಿನಬಂಡಿ ದಾರಿಯೊಳಗೆ ಮೂರು ಬಗೆಯ ಸರ್ಕಾರ. ಹುಬ್ಬಳ್ಳಿಯ ಸಂಭ್ರಮವನ್ನೇ ಕುಂದಗೋಳಕ್ಕೂ ಅಂಟಿಸಿದರೆ ನಿಮ್ಮೂರಿನ ಚರಿತ್ರೆಯಲ್ಲಿ ಸ್ವಾರಸ್ಯವಿರುವ ಭಾಗವೇ ಕೈಬಿಟ್ಟು ಹೋಗುತ್ತದೆ.

ಇದನ್ನು ಭಾಷಣ ಮಾಡಬೇಡಿ, ನೆಲದ ಮೇಲೆ ನಕ್ಷೆ ಮಾಡಿಸಿ. ಹಳೆಯ ಧಾರವಾಡ ಜಿಲ್ಲೆಯ ನಕ್ಷೆಯನ್ನು ಎ4 ಹಾಳೆಗೆ ಮುದ್ರಿಸಿ, ಅದರ ಮೇಲೆ 2 ಸೆಂ.ಮೀ. ಚೌಕಗಳನ್ನು ಎಳೆಯಿರಿ: ಅಡ್ಡಕ್ಕೆ 10, ಉದ್ದಕ್ಕೆ 14. ಸಭಾಂಗಣದ ನೆಲದಲ್ಲಿ ಒಂದೊಂದು ಅಡಿಯ ಅಷ್ಟೇ ಚೌಕ ಹಾಕಿದರೆ 10 ಅಡಿ ಅಗಲ, 14 ಅಡಿ ಉದ್ದದ ನಕ್ಷೆ ಸಿಗುತ್ತದೆ. ಮೊದಲು ದಾರಕ್ಕೆ ಸುಣ್ಣ ಹಚ್ಚಿ ಗೆರೆ ಹೊಡೆಯಿರಿ, ಬಳಿಕ ಒಂದೊಂದು ಚೌಕಕ್ಕೆ ಒಬ್ಬ ವಿದ್ಯಾರ್ಥಿ. ಒಂದು ಎಚ್ಚರಿಕೆ: ಸಂಸ್ಥಾನದ ಭಾಗಗಳು ಬ್ರಿಟಿಷ್ ಪ್ರದೇಶದ ನಡುವೆ ತುಂಡುತುಂಡಾಗಿ ಚದುರಿದ್ದವು. ಅಂದಾಜಿನ ಮೇಲೆ ಗಡಿ ಗೆರೆ ಎಳೆಯಲು ಹೋಗಬೇಡಿ. ಊರಿನ ಜಾಗದಲ್ಲಿ ಚಿಕ್ಕ ಮಡಕೆ ಇಟ್ಟು, ಆಡಳಿತಕ್ಕೆ ತಕ್ಕ ಬಣ್ಣದ ಚೀಟಿ ಸಿಕ್ಕಿಸಿದರೆ ಸಾಕು. ರಂಗೋಲಿ ಪುಡಿ ಅಂಗಳಕ್ಕೆ ಚೆಂದ, ಆದರೆ ನಮ್ಮಲ್ಲಿ ಆಗಸ್ಟ್ ಎಂದರೆ ಜಿಟಿಜಿಟಿ ಮಳೆ. ಹೊರಗೆ ಹಾಕಿದ್ದು ಗಂಟೆಯೊಳಗೆ ಕೆಸರಾಗುತ್ತದೆ.

ಹಿರಿಯರ ಮಾತು ದಾಖಲಿಸುವುದೂ ಈಗಲೇ ಆಗಬೇಕು. 1947ರಲ್ಲಿ ಎಂಟು ವರ್ಷದವರಾಗಿದ್ದವರು ಈಗ 85 ದಾಟಿದ್ದಾರೆ. ‘ಆಗಸ್ಟ್ ಹದಿನೈದರಂದು ಏನು ಮಾಡಿದಿರಿ?’ ಎಂದು ಕೇಳಿದರೆ ಶಾಲೆಯಲ್ಲಿ ಆಮೇಲೆ ಕೇಳಿದ ಉತ್ತರವೇ ಬರುತ್ತದೆ. ‘ಅಜ್ಜಾರೀ, ಆಗ ಊರಾಗ ಕಂದಾಯ ಯಾರು ವಸೂಲಿ ಮಾಡ್ತಿದ್ರು? ಗೌಡಕಿ, ಕುಲಕರ್ಣಿಕಿ ಯಾರ ಮನ್ಯಾಗಿತ್ತು? ಸಾಲಿಯೊಳಗ ಯಾವ ರಾಜನ ಫೋಟೊ ಇತ್ತು?’ ಎಂದು ಕೇಳಿದರೆ ಕಂಡದ್ದು ಬರುತ್ತದೆ. ತಾರೀಖು ನೆನಪಿರುವುದಿಲ್ಲ, ಹಬ್ಬ, ಮಳೆ ನಕ್ಷತ್ರ, ಮನೆಯ ಮದುವೆ, ‘ಗಾಂಧಿ ಸತ್ತ ವರ್ಷ’ ನೆನಪಿರುತ್ತದೆ. ಅವುಗಳ ಹಿಂದೆ ಮುಂದೆ ಎಂದು ಕೇಳಿ ಕಾಲ ಗುರುತಿಸಿ.

ಮೊಬೈಲ್ ಸಾಕು. ಏರೋಪ್ಲೇನ್ ಮೋಡ್‌ಗೆ ಹಾಕಿ, ಬಾಯಿಯಿಂದ ಒಂದು ಅಡಿ ದೂರದಲ್ಲಿ, ಮಡಚಿದ ಟವೆಲ್ ಮೇಲೆ ಇಡಿ. ಬರೀ ಮೇಜಿನ ಮೇಲಿಟ್ಟರೆ ಕೈ ತಾಗಿದ ಸದ್ದೆಲ್ಲ ಗುಡುಗಿನಂತೆ ಕೇಳುತ್ತದೆ. ಫ್ಯಾನ್ ಆರಿಸಿ. ಹೆಚ್ಚಿನ ದಾಖಲೆಗಳನ್ನು ಹಾಳು ಮಾಡುವುದು ತಲೆ ಮೇಲಿನ ಫ್ಯಾನೇ. ಮುಕ್ಕಾಲು ಗಂಟೆಗಿಂತ ಹೆಚ್ಚು ಕೂಡಿಸಬೇಡಿ, ಬೇಕಿದ್ದರೆ ಇನ್ನೊಂದು ದಿನ ಹೋಗಿ. ಶುರುವಿನಲ್ಲೇ ಹೆಸರು, ಊರು, ದಿನಾಂಕ, ‘ಇದನ್ನು ಶಾಲೆಯಲ್ಲಿ ಕೇಳಿಸಬಹುದೇ?’ ಎಂಬ ಪ್ರಶ್ನೆ, ಅವರ ಒಪ್ಪಿಗೆ ಇಷ್ಟೂ ದನಿಯಲ್ಲೇ ದಾಖಲಾಗಲಿ.

ಪ್ರಶ್ನೆ: ಬ್ಯಾನರ್‌ನಲ್ಲಿ ಎಷ್ಟನೇ ಸ್ವಾತಂತ್ರ್ಯೋತ್ಸವ ಎಂದು ಬರೆಸಬೇಕು? ಪ್ರತಿ ವರ್ಷ ಇದೇ ಜಗಳ.
— ಯುವಕ ಮಂಡಳ, ನವಲಗುಂದ

ಉತ್ತರ: ಇಸವಿಯಿಂದ 1946 ಕಳೆಯಿರಿ, ಎಷ್ಟನೇ ಸ್ವಾತಂತ್ರ್ಯ ದಿನ ಎಂಬುದು ಸಿಗುತ್ತದೆ. 1947 ಕಳೆದರೆ ತುಂಬಿದ ವರ್ಷ. 2026ರದು 80ನೇ ಸ್ವಾತಂತ್ರ್ಯ ದಿನ, ತುಂಬಿದ್ದು 79 ವರ್ಷ. ಗಣರಾಜ್ಯೋತ್ಸವಕ್ಕೆ 1949 ಕಳೆಯಿರಿ. ಜಗಳ ಏಳುವುದು ‘80ನೇ ವರ್ಷಾಚರಣೆ’, ‘80 ವರ್ಷದ ಸಂಭ್ರಮ’ ಎಂಬ ಮಾತುಗಳಿಂದ. ‘80ನೇ ಸ್ವಾತಂತ್ರ್ಯ ದಿನಾಚರಣೆ’ ಎಂದಷ್ಟೇ ಬರೆಸಿ.

ನೀವು ಕೇಳದ ಒಂದು ಮಾತು: ನಾಲ್ಕು ಸಿಂಹದ ರಾಷ್ಟ್ರಲಾಂಛನವನ್ನು ಮಂಡಳದ ಆಮಂತ್ರಣ ಪತ್ರಿಕೆ, ಬ್ಯಾನರ್ ಮೇಲೆ ಹಾಕುವಂತಿಲ್ಲ. 2005ರ ಕಾಯ್ದೆ ಅದನ್ನು ತಡೆಯುತ್ತದೆ. ಡಿಟಿಪಿ ಅಂಗಡಿಯವರು ‘ಚೆಂದ ಕಾಣ್ತದ್ರಿ’ ಎಂದು ತಾವೇ ಸೇರಿಸಿಬಿಡುತ್ತಾರೆ, ಪ್ರೂಫ್ ನೋಡುವಾಗ ಗಮನಿಸಿ.

ಪ್ರಶ್ನೆ: ಹೋದ ವರ್ಷ ನಮ್ಮಲ್ಲಿ ಹಗ್ಗ ಜಗ್ಗಿದರೂ ಧ್ವಜ ಬಿಚ್ಚಿಕೊಳ್ಳಲಿಲ್ಲ, ಅತಿಥಿಗಳ ಎದುರು ಮುಜುಗರವಾಯಿತು. ಧ್ವಜ ಯಾವುದು ತರಬೇಕು, ಹೇಗೆ ಕಟ್ಟಬೇಕು, ವಿವರವಾಗಿ ತಿಳಿಸಿ. ಕನ್ನಡ ಬಾವುಟವನ್ನೂ ಪಕ್ಕದಲ್ಲಿ ಹಾರಿಸಬಹುದೇ?
— ಸಂಘದ ಕಾರ್ಯದರ್ಶಿ, ಶಿಗ್ಗಾವಿ

ಉತ್ತರ: ಹುಬ್ಬಳ್ಳಿ ಕಡೆಯವರು ಧ್ವಜಕ್ಕೆ ದೂರ ಹೋಗಬೇಕಿಲ್ಲ. ಬೆಂಗೇರಿಯ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಐಎಸ್ಐ ಗುರುತಿನ ಖಾದಿ ರಾಷ್ಟ್ರಧ್ವಜ ತಯಾರಿಸುತ್ತದೆ. ಧಾರವಾಡ ಪಕ್ಕದ ಗರಗವೂ ಧ್ವಜದ ಖಾದಿ ಬಟ್ಟೆಗೆ ಹೆಸರಾದ ಊರು. ರಾಷ್ಟ್ರಧ್ವಜ ಬಳಕೆಯ ನಿಯಮಗಳಾದ ಧ್ವಜಸಂಹಿತೆಗೆ 2021ರ ಡಿಸೆಂಬರ್‌ನಲ್ಲಾದ ತಿದ್ದುಪಡಿಯ ನಂತರ ಪಾಲಿಯೆಸ್ಟರ್ ಮತ್ತು ಯಂತ್ರದಲ್ಲಿ ತಯಾರಾದ ಧ್ವಜಕ್ಕೂ ಅನುಮತಿ ಇದೆ. ಪ್ಲಾಸ್ಟಿಕ್ ಧ್ವಜಕ್ಕೆ ಇಲ್ಲ. ಪ್ಲಾಸ್ಟಿಕ್ ಬಾವುಟ 2022ರ ಜುಲೈ 1ರಿಂದ ನಿಷೇಧಿತ ವಸ್ತುಗಳ ಪಟ್ಟಿಯಲ್ಲೇ ಇದೆ.

ಅಳತೆ 3:2. ಪ್ರಮಾಣಿತ ಅಳತೆಗಳಲ್ಲಿ ಊರಿನ ಕಾರ್ಯಕ್ರಮಕ್ಕೆ ಹೊಂದುವವು ಮೂರು: 900×600, 1350×900, 1800×1200 ಮಿ.ಮೀ. ಧ್ವಜದ ಉದ್ದ ಕಂಬದ ಎತ್ತರದ ಕಾಲುಭಾಗದಷ್ಟಿದ್ದರೆ ನೋಟಕ್ಕೆ ಸರಿ. ಅಂದರೆ 12 ಅಡಿ ಕಂಬಕ್ಕೆ ಮೊದಲನೆಯದು, 18 ಅಡಿಗೆ ಎರಡನೆಯದು, 24 ಅಡಿಗೆ ಮೂರನೆಯದು. ಚಿಕ್ಕ ಕಂಬಕ್ಕೆ ದೊಡ್ಡ ಧ್ವಜ ಹಾಕಿದರೆ ಮಳೆಯಲ್ಲಿ ನೆನೆದು, ಭಾರಕ್ಕೆ ಕಂಬ ಬಾಗಿ, ಅಂಚು ನೆಲಕ್ಕೆ ತಾಗುವ ಅಪಾಯ.

ಬಿಚ್ಚಿಕೊಳ್ಳದಿರಲು ಕಾರಣ ಸಾಮಾನ್ಯವಾಗಿ ಮೂರರಲ್ಲಿ ಒಂದು. ಮೊದಲನೆಯದು ಗಂಟು. ಸುತ್ತಿದ ಧ್ವಜಕ್ಕೆ ಹಾಕುವುದು ಜಾರುಗಂಟು. ಹಗ್ಗದ ತುದಿಯನ್ನು ಪೂರ್ತಿ ಒಳಗೆ ತೂರಿಸದೆ, ಮಡಚಿ ಕುಣಿಕೆ ಮಾತ್ರ ತೂರಿಸಬೇಕು. ‘ಗಟ್ಟಿಯಾಗಿರಲಿ’ ಎಂದು ಕೊನೆಗೆ ಯಾರೋ ಇನ್ನೊಂದು ಸುತ್ತು ಹಾಕಿದರೆ ಜಾರುಗಂಟು ಕಗ್ಗಂಟಾಗುತ್ತದೆ. ಕಟ್ಟಿದವರೇ ಕೊನೆಯವರೆಗೆ ಕಂಬದ ಬಳಿ ನಿಲ್ಲಲಿ. ಎರಡನೆಯದು ಹಗ್ಗ. ಹತ್ತಿ, ಸೆಣಬಿನ ಹಗ್ಗ ನೆನೆದರೆ ಉಬ್ಬಿ ರಾಟೆಯಲ್ಲಿ ಸಿಕ್ಕಿಕೊಳ್ಳುತ್ತದೆ. 6 ಮಿ.ಮೀ. ನೈಲಾನ್ ಹಗ್ಗ ಬಳಸಿ, ರಾಟೆಗೆ ಎರಡು ಹನಿ ಎಣ್ಣೆ ಬಿಡಿ. ಮೂರನೆಯದು ಹೂವು. ಒಳಗೆ ಹೂವಿನ ಎಸಳು ಇಡಲು ಧ್ವಜಸಂಹಿತೆಯ ಅಡ್ಡಿಯಿಲ್ಲ, ಆದರೆ ಒಂದು ಬೊಗಸೆ ಸಾಕು. ಹಿಂದಿನ ರಾತ್ರಿಯೇ ನೀರು ಚಿಮುಕಿಸಿದ ಸೇವಂತಿಗೆ ತುಂಬಿದರೆ ಬಟ್ಟೆ ಅಂಟಿ ಉಂಡೆಯಾಗುತ್ತದೆ. ಬೆಳಿಗ್ಗೆ ಒಣ ಎಸಳು ಹಾಕಿ.

ತಲೆಕೆಳಗಾಗದಿರಲು: ಧ್ವಜದ ಕಂಬದ ಕಡೆಯ ಅಂಚಿನಲ್ಲಿ ಹೊಲಿದ ಹಗ್ಗಕ್ಕೆ ಒಂದು ತುದಿಯಲ್ಲಿ ಮರದ ಚಿಕ್ಕ ಗೂಟವಿರುತ್ತದೆ. ಅದು ಕೇಸರಿಯ ಕಡೆ, ಮೇಲೆ. ಹಿಂದಿನ ದಿನ ಅದೇ ಅಳತೆಯ ಬಿಳಿ ಬಟ್ಟೆ ಕಟ್ಟಿ ಮೂರು ಸಲ ತಾಲೀಮು ಮಾಡಿ.

ಆಗಸ್ಟ್ 15ಕ್ಕೆ ಧ್ವಜವನ್ನು ಕೆಳಗಿನಿಂದ ಮೇಲಕ್ಕೇರಿಸುವುದು, ಜನವರಿ 26ಕ್ಕೆ ಮೇಲೆಯೇ ಕಟ್ಟಿದ್ದನ್ನು ಅರಳಿಸುವುದು ವಾಡಿಕೆ. ಮೊದಲನೆಯದು ಹೊಸದಾಗಿ ಸ್ವತಂತ್ರವಾದುದಕ್ಕೆ, ಎರಡನೆಯದು ಆಗಲೇ ಸ್ವತಂತ್ರವಾಗಿದ್ದ ದೇಶ ಗಣರಾಜ್ಯವಾದುದಕ್ಕೆ. ಊರುಗಳಲ್ಲಿ ಎರಡು ದಿನವೂ ಅರಳಿಸುವುದೇ ರೂಢಿಯಾಗಿದೆ. ಕಂಬದ ರಾಟೆ ಸರಿಯಿದ್ದರೆ ಆಗಸ್ಟ್‌ನಲ್ಲಿ ಏರಿಸುವುದೇ ಮೇಲು: ಗಂಟಿನ ತಾಪತ್ರಯವೂ ಕಡಿಮೆ.

ಕನ್ನಡ ಬಾವುಟ ಹಾರಿಸಬಹುದು. ಆದರೆ ಬೇರೆ ಕಂಬದಲ್ಲಿ, ರಾಷ್ಟ್ರಧ್ವಜಕ್ಕಿಂತ ಕೆಳಗೆ. ಸಭೆಯಿಂದ ನೋಡುವವರಿಗೆ ರಾಷ್ಟ್ರಧ್ವಜ ಎಡಕ್ಕೆ ಕಾಣಬೇಕು. ಮೊದಲು ರಾಷ್ಟ್ರಧ್ವಜ ಏರಬೇಕು, ಇಳಿಸುವಾಗ ಅದು ಕೊನೆ. ಪುತ್ಥಳಿ ಅನಾವರಣ ಇದ್ದರೆ ಧ್ವಜದ ಬಟ್ಟೆಯಿಂದ ಮುಚ್ಚಬೇಡಿ, ವೇದಿಕೆಯ ಮೇಜಿಗೆ ಹೊದಿಸಬೇಡಿ, ಧ್ವಜದ ಮೇಲೆ ಪ್ರಾಯೋಜಕರ ಹೆಸರಿರಲಿ, ‘ಜೈ ಹಿಂದ್’ ಇರಲಿ, ಯಾವ ಅಕ್ಷರವನ್ನೂ ಬರೆಸಬೇಡಿ.

ಪ್ರಶ್ನೆ: ಮೈಲಾರ ಮಹಾದೇವಪ್ಪನವರ ಮೇಲೆ 20 ನಿಮಿಷದ ನಾಟಕ ಮಾಡಿಸುತ್ತಿದ್ದೇವೆ. ಎಂಟು, ಒಂಬತ್ತನೇ ತರಗತಿ ಮಕ್ಕಳು. ಏನೇನು ಗಮನಿಸಬೇಕು?
— ಶಾಲಾಭಿವೃದ್ಧಿ ಸಮಿತಿ ಸದಸ್ಯರು, ಹಾವೇರಿ ತಾಲ್ಲೂಕು

ಉತ್ತರ: ಇಪ್ಪತ್ತು ನಿಮಿಷಕ್ಕೆ ಇಡೀ ಜೀವನ ತುಂಬಲು ಹೋಗಬೇಡಿ. ಹುಟ್ಟು, ಬಾಲ್ಯ, ಮದುವೆ, ಜೈಲು ಎಂದು ಹತ್ತು ದೃಶ್ಯ ಮಾಡಿದರೆ ಪರದೆ ಎಳೆಯುವುದರಲ್ಲೇ ಅರ್ಧ ಹೊತ್ತು ಕಳೆಯುತ್ತದೆ. ಎರಡು ಘಟನೆ ಹಿಡಿಯಿರಿ. ಒಂದು 1930ರ ದಂಡಿಯಾತ್ರೆ: ಸಾಬರಮತಿಯಿಂದ ಮಾರ್ಚ್ 12ಕ್ಕೆ ಹೊರಟು ಏಪ್ರಿಲ್ 6ಕ್ಕೆ ಉಪ್ಪು ತೆಗೆದ ನಡಿಗೆ. ಮೋಟೆಬೆನ್ನೂರಿನ ಈ ತರುಣ ಅದರಲ್ಲಿದ್ದರು, ಆಗಿನ್ನೂ 19 ತುಂಬಿರಲಿಲ್ಲ. ಇನ್ನೊಂದು 1943ರ ಏಪ್ರಿಲ್ 1, ಹೊಸರಿತ್ತಿ. ಸರ್ಕಾರದ ಕಂದಾಯದ ಹಣವಿದ್ದ ಜಾಗದ ಮೇಲಿನ ದಾಳಿಯಲ್ಲಿ ಪೊಲೀಸರ ಗುಂಡಿಗೆ ಅವರೊಂದಿಗೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಬಲಿಯಾದರು. ಈ ಇಬ್ಬರ ಹೆಸರು ನಾಟಕಗಳಲ್ಲಿ ‘ಸಂಗಡಿಗರು’ ಎಂಬ ಮಾತಿನಡಿ ಮುಚ್ಚಿಹೋಗುತ್ತದೆ. ಅವರಿಗೂ ಮಾತು ಕೊಡಿ, ಹೆಸರು ಹಿಡಿದು ಕರೆಸಿ.

ಕಾಲದೋಷಗಳೇ ಹೆಚ್ಚು ನುಸುಳುವುದು, ಮುಖ್ಯವಾಗಿ ಧ್ವಜದಲ್ಲಿ. ಅಶೋಕಚಕ್ರದ ಧ್ವಜ ಅಂಗೀಕಾರವಾದದ್ದು 1947ರ ಜುಲೈ 22ಕ್ಕೆ. 1943ರ ದೃಶ್ಯದಲ್ಲಿ ಕೇಸರಿ, ಬಿಳಿ, ಹಸಿರಿನ ನಡುವೆ ಚರಕ ಇರಬೇಕು. 1930ರಲ್ಲಾದರೆ ಅದೂ ಅಲ್ಲ: ಮೇಲೆ ಬಿಳಿ, ನಡುವೆ ಹಸಿರು, ಕೆಳಗೆ ಕೆಂಪು, ಅದರ ಮೇಲೆ ಚರಕ. ಬಿಳಿ ಬಟ್ಟೆಗೆ ಫ್ಯಾಬ್ರಿಕ್ ಬಣ್ಣ ಬಳಿದು ಮಕ್ಕಳೇ ಮಾಡಿಕೊಳ್ಳಬಹುದು. ಇಂಥ ಎರಡು ಬಾವುಟ ಕಂಡರೆ ಸಭಿಕರೇ ‘ಇದ್ಯಾಕ ಹಿಂಗದ?’ ಎಂದು ಕೇಳುತ್ತಾರೆ, ಅಲ್ಲಿಗೆ ಅರ್ಧ ಪಾಠ ಆದಂತೆ.

ಮಾತಿನಲ್ಲೂ ಅಷ್ಟೆ. 1943ರ ಪಾತ್ರ ‘ನಮ್ಮ ಹಾವೇರಿ ಜಿಲ್ಲೆ’ ಎನ್ನಬಾರದು, ಆ ಜಿಲ್ಲೆ ಆದದ್ದು 1997ರಲ್ಲಿ. ‘ಕರ್ನಾಟಕ ರಾಜ್ಯ’ವೂ ಇಲ್ಲ. ಲೆಕ್ಕ ಆಣೆ, ಪೈಗಳಲ್ಲಿ. ದೂರ ಮೈಲಿ, ಹರದಾರಿಗಳಲ್ಲಿ. ಕೊನೆಯಲ್ಲಿ ಜನಗಣಮನ ಹಾಡಿಸುವುದಿದ್ದರೆ ನಾಟಕ ಮುಗಿದು, ಪಾತ್ರಧಾರಿಗಳು ಸಾಲಾಗಿ ನಿಂತ ಮೇಲೆ ಹಾಡಿಸಿ. ಅದು ರಾಷ್ಟ್ರಗೀತೆಯಾದದ್ದು 1950ರ ಜನವರಿ 24ರಂದು.

ಗುಂಡಿನ ಸದ್ದಿಗೆ ಪಟಾಕಿ ಬೇಡ. ಒಳಾಂಗಣದಲ್ಲಿ ಹೊಗೆ ತುಂಬಿ ಮುಂದಿನ ಸಂಭಾಷಣೆ ಕೆಮ್ಮಿನಲ್ಲಿ ಹೋಗುತ್ತದೆ, ಸದ್ದು ಹೇಳಿದ ಕ್ಷಣಕ್ಕೆ ಬರುವುದೂ ಇಲ್ಲ. ಪರದೆ ಹಿಂದೆ ಡೊಳ್ಳಿಗೆ ಒಂದೇ ಬಲವಾದ ಏಟು, ಆಮೇಲೆ ಪೂರ್ತಿ ಮೌನ. ಮಕ್ಕಳ ಅಂಗಿಗೆ ಮೈಕ್ ಸಿಕ್ಕಿಸುವ ಬದಲು ವೇದಿಕೆಯ ಮುಂಭಾಗದಲ್ಲಿ ಮೂರು ಮೈಕ್ ನೆಲಕ್ಕೆ ಸಮೀಪ ಇಟ್ಟು, ಮಾತಾಡುವವರು ಮುಂದಿನ ನಾಲ್ಕು ಅಡಿಯೊಳಗೇ ಇರುವಂತೆ ನಡೆ ಕಲಿಸಿ. ಪಾತ್ರ ಮಾಡುವ ಮಕ್ಕಳನ್ನು ಒಮ್ಮೆ ಹಾವೇರಿಯಲ್ಲಿ ಈ ಹುತಾತ್ಮರ ಸ್ಮಾರಕವಾದ ವೀರಸೌಧಕ್ಕೆ ಕರೆದುಕೊಂಡು ಹೋಗಿ, ಹತ್ತಿರವೇ ಇದೆ.

ಪ್ರಶ್ನೆ: ನಮಸ್ಕಾರ್ರೀ. ನಮ್ಮದು ಗೀಗೀ ಮೇಳ. ಪಂಚಾಯ್ತಿಯವ್ರು ಆಗಸ್ಟ್ ಹದಿನೈದಕ್ಕ ‘ನರಗುಂದ ಬಾಬಾಸಾಹೇಬರ ಮ್ಯಾಲ ಹತ್ತು ನಿಮಿಷದ್ದು ಒಂದು ಪದಾ ಕಟ್ಟಿ ಹಾಡ್ರಿ’ ಅಂದಾರ. ನಾವು ರಾತ್ರಿಪೂರಾ ಹಾಡಿದವ್ರು, ಹತ್ತು ನಿಮಿಷಕ್ಕ ಹೆಂಗ ಕೂಡಿಸೋದು? ಮ್ಯಾಲ ಮಳಿ ಹಿಡದ್ರ ಡಪ್ಪು ಮೆತ್ತಗಾಗಿ ನುಡಿಯಂಗಿಲ್ರಿ.
— ಮೇಳದ ಹಿರಿಯರು, ನರಗುಂದ ತಾಲ್ಲೂಕು

ಉತ್ತರ: ಹಿಮ್ಮೇಳದವರು ‘ಗೀಯ ಗೀಯ’ ಎಂದು ತಿರುಗಿಸಿ ಹಾಡುವುದೂ ಸೇರಿ ಒಂದು ನುಡಿಗೆ ಒಂದೂಕಾಲು ನಿಮಿಷ ಹಿಡಿಯಿರಿ. ಒಂದು ಪಲ್ಲ (ಪಲ್ಲವಿ), ಆರು ನುಡಿ, ಹತ್ತು ನಿಮಿಷಕ್ಕೆ ಇಷ್ಟೇ ಜಾಗ. ಸ್ತುತಿಗೆ ಎರಡೇ ಸಾಲು ಇರಲಿ. ಗಣಪತಿ, ಶಾರದೆ, ಗುರು, ಊರ ದೇವರು, ಪಂಚಾಯ್ತಿ ಸದಸ್ಯರು ಎಂದು ಹೊರಟರೆ ಬಾಬಾಸಾಹೇಬರು ಬರುವಷ್ಟರಲ್ಲಿ ಗಂಟೆ ಹೊಡೆದಿರುತ್ತದೆ.

ಆರು ನುಡಿಗೆ ಕಥೆ ಹೀಗೆ ಹಂಚಬಹುದು. ಒಂದನೆಯದು ನರಗುಂದದ ಗುಡ್ಡ, ಕೋಟೆ, ಅರಸ ಭಾಸ್ಕರರಾವ್ ಭಾವೆ, ಅಂದರೆ ಬಾಬಾಸಾಹೇಬರು. ಎರಡನೆಯದು ದತ್ತು ಮಗನಿಗೆ ಕಂಪನಿ ಸರ್ಕಾರ ಒಪ್ಪಿಗೆ ಕೊಡದ್ದು. ಮೂರನೆಯದು ಆಯುಧ ಒಪ್ಪಿಸಬೇಕೆಂಬ ಕಾನೂನು, ಅದರಿಂದ ಎದ್ದ ಕಿಚ್ಚು. ನಾಲ್ಕನೆಯದು 1858ರ ಮೇ 29ರ ರಾತ್ರಿ, ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ನನ ಕೊಲೆ. ಐದನೆಯದು ಬ್ರಿಟಿಷ್ ದಂಡು ಬಂದು ಕೋಟೆ ಕೈಬಿಟ್ಟದ್ದು. ಆರನೆಯದು ಜೂನ್ 12, ಬೆಳಗಾವಿಯಲ್ಲಿ ಗಲ್ಲು. ಮೇ 29ರಿಂದ ಜೂನ್ 12ರವರೆಗೆ ಎರಡೇ ವಾರ, ಆ ವೇಗ ನಿಮ್ಮ ಲಯದಲ್ಲೂ ಬರಲಿ: ಮೊದಲ ಮೂರು ನುಡಿ ನಿಧಾನ, ನಾಲ್ಕರಲ್ಲಿ ಚ್ಯಾಲ (ಧಾಟಿ) ಬದಲಿಸಿ ಏರಿಗೆ ಹೋಗಿ, ಕೊನೆಯದನ್ನು ಮತ್ತೆ ಇಳಿಸಿ.

ಮುಂಡರಗಿ ಭೀಮರಾಯರನ್ನು ಇದೇ ಪದಕ್ಕೆ ಎಳೆದು ತರುವ ಆಸೆ ಆಗುತ್ತದೆ, ಅವರೂ ಅದೇ ದಿನಗಳಲ್ಲಿ ಕೊಪ್ಪಳದ ಕೋಟೆಯಲ್ಲಿ ಹೋರಾಡಿ ಮಡಿದವರು. ಹತ್ತು ನಿಮಿಷದಲ್ಲಿ ಇಬ್ಬರನ್ನೂ ಸೇರಿಸಿದರೆ ಕೇಳುವವರಿಗೆ ಯಾರು ಯಾವ ಊರಲ್ಲಿ ಸತ್ತರೆಂಬುದು ಕಲಸಿಹೋಗುತ್ತದೆ. ಪಲ್ಲದಲ್ಲಿ ಹೆಸರು ಬಂದರೆ ಸಾಕು, ಅವರ ಪದ ಜನವರಿ 26ಕ್ಕಿರಲಿ. ಇಸವಿ, ತಾರೀಖುಗಳನ್ನು ಹಾಡಿನೊಳಗೆ ತುರುಕಿದರೆ ಛಂದ ಮುರಿಯುತ್ತದೆ. ನುಡಿಗಳ ನಡುವಿನ ಮಾತಿನಲ್ಲಿ ಹೇಳಿ. ಸಂಗೊಳ್ಳಿ ರಾಯಣ್ಣ, ಹಲಗಲಿ ಬೇಡರ ಲಾವಣಿಗಳನ್ನು ಹತ್ತೊಂಬತ್ತನೇ ಶತಮಾನದಲ್ಲೇ ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ ಸಂಗ್ರಹಿಸಿ ಅಚ್ಚು ಹಾಕಿಸಿದ್ದ. ನೀವು ಕಟ್ಟಿದ್ದನ್ನೂ ಒಂದು ವಹಿಯಲ್ಲಿ ಬರೆದು, ಕಟ್ಟಿದವರ ಹೆಸರು, ತಾರೀಖು ಹಾಕಿಡಿ.

ಡಪ್ಪಿನ ಮಾತು. ತೊಗಲು ಗಾಳಿಯ ತೇವ ಹೀರಿ ಹಿಗ್ಗುತ್ತದೆ, ಅದಕ್ಕೇ ದನಿ ಬೀಳುವುದು. ಕೆಂಡಕ್ಕೆ ಒಂದು ಅಡಿ ಮೇಲೆ, ತಿರುಗಿಸುತ್ತ ಐದಾರು ನಿಮಿಷ ಕಾಯಿಸುವುದು ನಿಮಗೆ ಗೊತ್ತಿದ್ದದ್ದೇ. ಕಾರ್ಯಕ್ರಮದವರಿಗೆ ಗೊತ್ತಿರುವುದಿಲ್ಲ. ಕಾಯಿಸಿದ ಡಪ್ಪು ಥಂಡಿ ಗಾಳಿಯಲ್ಲಿ ಇಪ್ಪತ್ತು ನಿಮಿಷಕ್ಕೆ ಮತ್ತೆ ಮೆತ್ತಗಾಗುತ್ತದೆ. ಆದ್ದರಿಂದ ‘ಅತಿಥಿಗಳ ಭಾಷಣ ಆದ ಮ್ಯಾಲ’ ಎಂಬ ಮಾತಿಗೆ ಒಪ್ಪಬೇಡಿ. ಧ್ವಜಾರೋಹಣ ಆದ ಕೂಡಲೇ ನಿಮ್ಮದೇ ಮೊದಲು ಎಂದು ಪಟ್ಟಿಯಲ್ಲಿ ಬರೆಸಿಕೊಳ್ಳಿ. ವೇದಿಕೆ ಹಿಂದೆ ಒಂದು ಬುಟ್ಟಿ ಕೆಂಡಕ್ಕೆ ತಗಡು ಹೊದಿಸಿದ ಜಾಗ ಕೇಳಿ, ಶಾಮಿಯಾನದ ಬಟ್ಟೆಯಿಂದ ದೂರ. ಫೈಬರ್ ಹಾಳೆಯ ಡಪ್ಪು ನೆನೆದರೂ ನುಡಿಯುತ್ತದೆ, ದನಿ ಮಾತ್ರ ಡಬ್ಬಿಯದು. ಎರಡನೇ ಡಪ್ಪಾಗಿ ಇಟ್ಟುಕೊಳ್ಳಿ.

ಮೈಕ್ ಎರಡೇ ಸಾಕು. ಮುಂದಿನವರಿಗೆ ಒಂದು, ಹಿಮ್ಮೇಳದ ಇಬ್ಬರಿಗೆ ಒಂದು. ಡಪ್ಪು, ತುಂತುಣಿ, ತಾಳಕ್ಕೆ ಬೇರೆ ಮೈಕ್ ಇಟ್ಟರೆ ಮಾತು ಕೇಳುವುದಿಲ್ಲ, ಗೀಗೀ ಪದದಲ್ಲಿ ಮಾತು ಕೇಳದಿದ್ದರೆ ಉಳಿಯುವುದು ಬರೀ ಸಪ್ಪಳ. ಜಗ್ಗಲಿಗೆ ತರುವ ಬಗ್ಗೆ ಕೇಳಿ ಇನ್ನಿಬ್ಬರು ಬರೆದಿದ್ದಾರೆ. ಬಂಡಿಗಾಲಿಯಷ್ಟು ದೊಡ್ಡ ತೊಗಲನ್ನು ಆಗಸ್ಟ್ ಮಳೆಯಲ್ಲಿ ಬಯಲಿಗೆ ತಂದು ಹಾಳು ಮಾಡಿಕೊಳ್ಳಬೇಡಿ. ಅದಕ್ಕೆ ಜನವರಿಯ ಒಣ ಹವೆಯೇ ಸರಿ.

ಪ್ರಶ್ನೆ: ಓಣಿಯ ಮನೆಗಳಿಂದ ಹಳೆಯ ಫೋಟೊ ಸಂಗ್ರಹಿಸಿ ಮೂರು ದಿನದ ಪ್ರದರ್ಶನ ಮಾಡುತ್ತಿದ್ದೇವೆ. ಫೋಟೊ ಹಾಳಾದರೆ ಯಾರು ಹೊಣೆ ಎಂದು ಹೆದರಿಕೆ. ಮುದ್ರಣ, ಜೋಡಣೆ ಬಗ್ಗೆ ತಿಳಿಸಿ.
— ಮಹಿಳಾ ಮಂಡಳ, ಧಾರವಾಡ

ಉತ್ತರ: ಮೂಲ ಫೋಟೊ ಪ್ರದರ್ಶನಕ್ಕೆ ಬರುವುದೇ ಬೇಡ, ಹೆದರಿಕೆ ಅಲ್ಲಿಗೇ ಮುಗಿಯುತ್ತದೆ. ಲ್ಯಾಪ್‌ಟಾಪ್, ಸ್ಕ್ಯಾನರ್ ತೆಗೆದುಕೊಂಡು ನೀವೇ ಮನೆಗೆ ಹೋಗಿ, ಅವರ ಕಣ್ಣೆದುರೇ ಸ್ಕ್ಯಾನ್ ಮಾಡಿ ವಾಪಸ್ ಕೊಡಿ. ತರಲೇಬೇಕಾದರೆ ಎರಡು ಪ್ರತಿಯ ರಸೀದಿ: ಫೋಟೊದ ವಿವರ, ಆಗಲೇ ಇರುವ ಕಲೆ, ಹರಿದ ಮೂಲೆ, ಹಿಂದಿರುಗಿಸುವ ದಿನ.

4×6 ಇಂಚಿನ ಫೋಟೊವನ್ನು ಎ3 ಅಳತೆಗೆ ಹಿಗ್ಗಿಸಲು 600 ಡಿಪಿಐ (ಇಂಚಿಗೆ 600 ಚುಕ್ಕೆ) ಸಾಕು. ಮೂರು ಅಡಿ ದೂರದಿಂದ ನೋಡುವವರಿಗೆ ಸ್ಪಷ್ಟವಾಗಿಯೇ ಕಾಣುತ್ತದೆ. ಪಾಸ್‌ಪೋರ್ಟ್ ಅಳತೆಯದಾದರೆ 1200 ಡಿಪಿಐ ಇಟ್ಟು ಎ4ಕ್ಕೆ ನಿಲ್ಲಿಸಿ. ಫೋಟೊದ ಹಿಂಬದಿಯನ್ನೂ ಸ್ಕ್ಯಾನ್ ಮಾಡಿ, ಸ್ಟುಡಿಯೊದ ಮುದ್ರೆ, ಯಾರದೋ ಕೈಬರಹದ ಇಸವಿ ಇರುವುದು ಅಲ್ಲೇ. ಗಾಜಿಗೆ ಅಂಟಿಕೊಂಡ ಫೋಟೊವನ್ನು ಎಬ್ಬಿಸಲು ಹೋಗಬೇಡಿ, ಗಾಜಿನ ಸಮೇತ ಕಿಟಕಿ ಪಕ್ಕದ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ ತೆಗೆಯಿರಿ. ಹರಿದದ್ದಕ್ಕೆ ಸೆಲ್ಲೊ ಟೇಪ್ ಬೇಡ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಬಿಸಿಗೆ ಹಳೆಯ ಫೋಟೊದ ಮೇಲ್ಪದರ ಕರಗಿದರೆ ಮತ್ತೆ ಬರುವುದಿಲ್ಲ.

ವಾಟ್ಸ್ಆ್ಯಪ್‌ನಲ್ಲಿ ಮುದ್ರಣದ ಅಂಗಡಿಗೆ ಫೋಟೊ ಎಂದು ಕಳಿಸಿದರೆ ಅದು ಕುಗ್ಗುತ್ತದೆ, ದೊಡ್ಡದು ಮಾಡಿದಾಗ ಮುಖವೆಲ್ಲ ಚೌಕಚೌಕ. ‘ಡಾಕ್ಯುಮೆಂಟ್’ ಎಂದು ಕಳಿಸಿ, ಇಲ್ಲವೇ ಪೆನ್ ಡ್ರೈವ್‌ನಲ್ಲಿ ಕೊಡಿ. ಅಡಿಬರಹಗಳನ್ನು ಪಿಡಿಎಫ್ ಮಾಡಿಯೇ ಕೊಡಿ. ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದನ್ನು ಅಂಗಡಿಯಲ್ಲಿ ಹಳೆಯ ‘ನುಡಿ’ ತಂತ್ರಾಂಶದ ಅಕ್ಷರಕ್ಕೆ ತಿರುಗಿಸುವಾಗ ಒತ್ತಕ್ಷರ, ಅರ್ಕಾವತ್ತುಗಳು ಚದುರುತ್ತವೆ. ‘ಸ್ವಾತಂತ್ರ್ಯ’ ಎಂಬ ಪದವೇ ಮೊದಲು ಬಲಿಯಾಗುವುದು, ಅದನ್ನು ನೋಡಿದರೆ ಉಳಿದವು ಹೇಗಿವೆ ಎಂದು ಗೊತ್ತಾಗುತ್ತದೆ. ಒಂದು ಫಲಕಕ್ಕೆ 60ರಿಂದ 80 ಪದ, ಅಕ್ಷರ 28 ಪಾಯಿಂಟ್‌ಗಿಂತ ಕಡಿಮೆ ಬೇಡ, ಒಟ್ಟು ಫಲಕ ಇಪ್ಪತ್ತರೊಳಗಿರಲಿ. 5 ಮಿ.ಮೀ. ಫೋಮ್ ಬೋರ್ಡ್‌ಗೆ ಎರಡು ಬದಿ ಅಂಟುವ ಟೇಪ್‌ನಿಂದ ಅಂಟಿಸಿ. ನೀರಿನಂಶದ ಗೋಂದು ಹಚ್ಚಿದರೆ ಈ ಥಂಡಿಯಲ್ಲಿ ಹಾಳೆ ಸುಕ್ಕಾಗಿ ಎದ್ದು ಬರುತ್ತದೆ. ಫಲಕದ ನಡುಭಾಗ ನೆಲದಿಂದ ನಾಲ್ಕೂವರೆ ಅಡಿಯಲ್ಲಿರಲಿ, ಮಕ್ಕಳಿಗೂ ಅಜ್ಜಿಯರಿಗೂ ಕಾಣುತ್ತದೆ.

ಗುರುತು ಸಿಗದ ಮುಖಗಳ ಕೆಳಗೆ ಊಹೆ ಬರೆಯಬೇಡಿ. ಖಾಲಿ ಚೀಟಿ, ಪೆನ್ಸಿಲ್ ನೇತುಹಾಕಿ ‘ಇವರು ಯಾರೆಂದು ಬಲ್ಲಿರಾ?’ ಎಂದು ಬರೆದಿಡಿ. ಇಬ್ಬರು ಬೇರೆಬೇರೆಯಾಗಿ ಒಂದೇ ಹೆಸರು ಬರೆದರೆ ಸೇರಿಸಿಕೊಳ್ಳಿ. ಖಾದಿ ಟೋಪಿ ಹಾಕಿದವರೆಲ್ಲ ಸ್ವಾತಂತ್ರ್ಯ ಹೋರಾಟಗಾರರಲ್ಲ ಎಂಬುದೂ ನೆನಪಿರಲಿ, ಮನೆಯವರು ಅಭಿಮಾನದಿಂದ ಹೇಳಿದ್ದನ್ನು ‘ಕುಟುಂಬದವರು ಹೇಳುವಂತೆ’ ಎಂದು ಸೇರಿಸಿ ಬರೆಯಿರಿ. ಹುಬ್ಬಳ್ಳಿಯ ಬಾಲಕ ನಾರಾಯಣ ಡೋಣಿ 1942ರಲ್ಲಿ ಗುಂಡೇಟಿಗೆ ಬಲಿಯಾದಂಥ ಎಲ್ಲರಿಗೂ ಗೊತ್ತಿರುವ ಸಂಗತಿಗೂ, ಮನೆಯಲ್ಲಿ ಮಾತ್ರ ಉಳಿದ ಸಂಗತಿಗೂ ಅಡಿಬರಹದಲ್ಲೇ ವ್ಯತ್ಯಾಸ ಕಾಣಬೇಕು.

ಪ್ರಶ್ನೆ: ಬೇಂದ್ರೆಯವರ ಕವಿತೆಗೆ ಮಕ್ಕಳಿಂದ ನೃತ್ಯ ಮಾಡಿಸಿ ಯೂಟ್ಯೂಬ್‌ಗೆ ಹಾಕಬಹುದೇ?
— ನೃತ್ಯ ಶಿಕ್ಷಕಿ, ಹುಬ್ಬಳ್ಳಿ

ಉತ್ತರ: ಕವಿ ತೀರಿಕೊಂಡ ನಂತರ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ, ಆದ್ದರಿಂದ 2041ರ ಕೊನೆಯವರೆಗೆ ಇದೆ. ಟಿಕೆಟ್ ಇಲ್ಲದ ಸಭೆಯಲ್ಲಿ ಹವ್ಯಾಸಿ ಸಂಘ ಪ್ರದರ್ಶಿಸುವುದಕ್ಕೆ, ಶಾಲೆಯಲ್ಲಿ ವಿದ್ಯಾರ್ಥಿ, ಪಾಲಕರ ಎದುರು ಮಾಡುವುದಕ್ಕೆ ಕಾಯ್ದೆಯಲ್ಲಿ ವಿನಾಯಿತಿ ಇದೆ. ಅದನ್ನು ಚಿತ್ರೀಕರಿಸಿ ಜಗತ್ತಿಗೆ ಹಂಚುವುದು ಬೇರೆ ಮಾತು, ಅದಕ್ಕೆ ಹಕ್ಕುದಾರರ ಲಿಖಿತ ಒಪ್ಪಿಗೆ ಬೇಕು. ಕ್ಯಾಸೆಟ್, ಸಿಡಿಯಲ್ಲಿದ್ದ ಹಾಡನ್ನೇ ಬಳಸಿದರೆ ಧ್ವನಿಮುದ್ರಣದ ಹಕ್ಕು ಮತ್ತೊಬ್ಬರದು.

ಪ್ರಶ್ನೆ: ಶಾಲೆಯ ಹೊರಗೋಡೆ 20 ಅಡಿ ಉದ್ದ, 10 ಅಡಿ ಎತ್ತರ. ಆಗಸ್ಟ್ 15ರೊಳಗೆ ಅದರ ಮೇಲೆ ಹೋರಾಟಗಾರರ ಚಿತ್ರ ಬರೆಸುವ ವಿಚಾರವಿದೆ.
— ಹಳೆಯ ವಿದ್ಯಾರ್ಥಿಗಳ ಬಳಗ, ಗದಗ

ಉತ್ತರ: ಮುಂದಕ್ಕೆ ಹಾಕಿ. ಜುಲೈನಲ್ಲಿ ತೇವ ಕುಡಿದ ಗೋಡೆಗೆ ಬಣ್ಣ ಹಚ್ಚಿದರೆ ಒಳಗಿನ ತೇವ ಹೊರಬರುವಾಗ ಉಪ್ಪು ಹೂ ಬಿಟ್ಟು, ದೀಪಾವಳಿಗೆಲ್ಲ ಚಿತ್ರ ಪದರಪದರವಾಗಿ ಉದುರುತ್ತದೆ. ಡಿಸೆಂಬರ್‌ನಲ್ಲಿ ಶುರು ಮಾಡಿ, ಜನವರಿ 26ಕ್ಕೆ ತೆರೆಯಿರಿ. 200 ಚದರ ಅಡಿಗೆ ಸುಮಾರು 2 ಲೀಟರ್ ಪ್ರೈಮರ್, ಎರಡು ಸಲ ಬಳಿಯಲು 4 ಲೀಟರ್ ಹೊರಗೋಡೆಯ ಎಮಲ್ಷನ್ ಬೇಕು. ಚಿತ್ರದ ಬಣ್ಣ ಬೇರೆ. ಹಳೆಯ ಸುಣ್ಣ ಪೂರ್ತಿ ಕೆರೆಯದೆ ಪ್ರೈಮರ್ ಹಚ್ಚಿದರೆ ಎಲ್ಲವೂ ವ್ಯರ್ಥ. ಕೆಳಗಿನ ಎರಡು ಅಡಿ ಬರೀ ಮಣ್ಣಿನ ಬಣ್ಣ ಇರಲಿ. ಮಳೆನೀರು ಚಿಮ್ಮುವುದೂ ಸೈಕಲ್ ಒರಗಿಸುವುದೂ ಅಲ್ಲೇ, ಧ್ವಜದ ಚಿತ್ರ ಅಷ್ಟು ಕೆಳಗೆ ಬರಬಾರದು.

ವಸ್ತುವಿಗೆ ಒಂದು ಸೂಚನೆ: ಸಂಗೊಳ್ಳಿ ರಾಯಣ್ಣನ ಜನ್ಮದಿನ ಆಗಸ್ಟ್ 15, ನಂದಗಡದಲ್ಲಿ ಗಲ್ಲಿಗೇರಿದ್ದು 1831ರ ಜನವರಿ 26. ಗಣರಾಜ್ಯದ ಕಥೆಯೇ ಬೇಕೆಂದರೆ ಧಾರವಾಡದ ಆರ್.ಆರ್. ದಿವಾಕರ ಸಂವಿಧಾನ ಸಭೆಯಲ್ಲಿದ್ದರು, ಧಾರವಾಡ ಆಕಾಶವಾಣಿ ಶುರುವಾದದ್ದು ಗಣರಾಜ್ಯಕ್ಕೆ ಹದಿನೆಂಟು ದಿನ ಮೊದಲು, 1950ರ ಜನವರಿ 8ಕ್ಕೆ. ಸಂವಿಧಾನದ ಪೀಠಿಕೆಯನ್ನು ಗೋಡೆಗೆ ಬರೆಸಿ ಕೆಳಗೆ ‘1950’ ಎಂದು ಹಾಕುವುದಿದ್ದರೆ ಅದು ಅಂದಿನ ಪಠ್ಯವೇ ಎಂದು ನೋಡಿಕೊಳ್ಳಿ: ‘ಸಮಾಜವಾದಿ’, ‘ಜಾತ್ಯತೀತ’ ಎಂಬ ಪದಗಳು ಸೇರಿದ್ದು 1976ರ 42ನೇ ತಿದ್ದುಪಡಿಯಲ್ಲಿ.

ಪ್ರಶ್ನೆ: ಕಾರ್ಯಕ್ರಮ ಮುಗಿದ ಮೇಲೆ ಮಕ್ಕಳ ಕಾಗದದ ಬಾವುಟಗಳು ಮೈದಾನದ ತುಂಬ ಬಿದ್ದಿರುತ್ತವೆ. ಹಳೆಯ, ಅಂಚು ಹರಿದ ಬಟ್ಟೆಯ ಧ್ವಜವೂ ಒಂದಿದೆ. ಏನು ಮಾಡಬೇಕು?
— ಗ್ರಂಥಾಲಯ ಮೇಲ್ವಿಚಾರಕರು, ಬ್ಯಾಡಗಿ ತಾಲ್ಲೂಕು

ಉತ್ತರ: ಹರಿದ ಧ್ವಜ ಮತ್ತೆ ಹಾರಿಸುವಂತಿಲ್ಲ, ಒರೆಸುವ ಬಟ್ಟೆಯಾಗುವಂತೆಯೂ ಇಲ್ಲ. ಜನರ ಕಣ್ಣಿಗೆ ಬೀಳದ ಜಾಗದಲ್ಲಿ, ತುಂಡು ಮಾಡದೆ ಇಡಿಯಾಗಿ, ಗೌರವದಿಂದ ಸುಡುವುದನ್ನು ಧ್ವಜಸಂಹಿತೆ ಸೂಚಿಸುತ್ತದೆ. ಖಾದಿಯದಾದರೆ ಒಣಗಿಸಿಕೊಂಡು ಸುಡಿ, ನೆನೆದದ್ದು ಅರ್ಧ ಉರಿದು ಆರಿಹೋಗುತ್ತದೆ. ಕಾಗದದ ಬಾವುಟಗಳಿಗೂ ಇದೇ ಕ್ರಮ. ಅವನ್ನು ಕಸದ ಗಾಡಿಗೆ ಹಾಕಬಾರದು. ಆರಿಸುವ ಕೆಲಸ ತಪ್ಪಿಸಲು ಸಿಹಿ ಹಂಚುವ ಮೇಜಿನ ಪಕ್ಕದಲ್ಲೇ ಎರಡು ಬುಟ್ಟಿ ಇಟ್ಟು, ಬಾವುಟ ಬುಟ್ಟಿಗೆ ಹಾಕಿದವರಿಗೆ ಸಿಹಿ ಎಂದು ಸಾಲು ಮಾಡಿ. ಮನೆಗೆ ಒಯ್ಯುತ್ತೇನೆ ಎನ್ನುವ ಮಗುವಿಗೆ ಕೊಟ್ಟು ಕಳಿಸಿ. ಉಳಿದವುಗಳಲ್ಲಿ ಚೆನ್ನಾಗಿರುವುದನ್ನು ಮಡಚದೆ ಪುಸ್ತಕದ ನಡುವೆ ಇಟ್ಟರೆ ಜನವರಿಗೆ ಬರುತ್ತದೆ.